ಬೆನ್ನ ಮೇಲೆ ನಕಾಶೆ ಹೊತ್ತ ಅಂಚೆಚೀಟಿ

ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ, ಮಾಸಲು ಕೆಂಪು ಬಣ್ಣದ ಅಂಚೆಚೀಟಿ ಅದು. ಮೇಲೆ ಸೂರ್ಯ, ಧಾನ್ಯದ ತೆನೆ ಮತ್ತು ಮೂರು ನಕ್ಷತ್ರಗಳ ಚಿತ್ರ. ಮುಖಬೆಲೆ 5 ಕೊಪೆಕ್. ನೋಡಲು ತೀರಾ ಸಾಧಾರಣ. ಆದರೆ ಚೀಟಿಯನ್ನು ಮಗುಚಿ ಹಾಕಿದರೆ ಅಚ್ಚರಿ ಕಾದಿರುತ್ತದೆ. ಖಾಲಿ ಇರಬೇಕಾಗಿದ್ದ ಬೆನ್ನಿನ ಮೇಲೆ ರಸ್ತೆ, ಹಳ್ಳ, ಕಾಡುಗಳನ್ನು ಸೂಚಿಸುವ ಸಣ್ಣ ಸಣ್ಣ ಗೆರೆಗಳು. ಕೆಲವು ಚೀಟಿಗಳಲ್ಲಿ ಯಾವುದೋ ಊರಿನ ಅರ್ಧ ಹೆಸರು. ಅದೊಂದು ಸೇನಾ ನಕಾಶೆಯ ತುಂಡು!

ಇದು ಲಾಟ್ವಿಯಾ ದೇಶದ ಮೊತ್ತಮೊದಲ ಅಂಚೆಚೀಟಿ. ಹೊರಬಂದದ್ದು 1918ರ ಡಿಸೆಂಬರ್ 18ರಂದು. ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯ ಈ ಪುಟ್ಟ ದೇಶದ ವಿಸ್ತೀರ್ಣ ಕರ್ನಾಟಕದ ಮೂರನೇ ಒಂದು ಭಾಗದಷ್ಟು. ಶತಮಾನಗಳ ಕಾಲ ಪರರ ಆಳ್ವಿಕೆಯಲ್ಲಿದ್ದ ಈ ನಾಡು ಸ್ವಾತಂತ್ರ್ಯ ಘೋಷಿಸಿಕೊಂಡು ಆಗ ಸರಿಯಾಗಿ ಒಂದು ತಿಂಗಳಾಗಿತ್ತು. ಹೊಸ ದೇಶಕ್ಕೆ ತನ್ನದೇ ಅಂಚೆಚೀಟಿ ಬೇಕಿತ್ತು. ಆದರೆ ಯುದ್ಧದಿಂದ ಜರ್ಜರಿತವಾದ ರಾಜಧಾನಿ ರೀಗಾದಲ್ಲಿ ಕಾಗದವೇ ಇರಲಿಲ್ಲ. ಸಿಕ್ಕಿದ್ದು ಜರ್ಮನ್ ಸೇನೆ ಬಿಟ್ಟ, ಮುದ್ರಣ ಪೂರ್ತಿಯಾಗದ ಯುದ್ಧ ನಕಾಶೆಗಳು. ಅವುಗಳ ಖಾಲಿ ಬದಿಯ ಮೇಲೆಯೇ ಹಾಳೆಗೆ 228ರಂತೆ ಚೀಟಿಗಳನ್ನು ಅಚ್ಚು ಹಾಕಲಾಯಿತು. ಈ ನೆಲವನ್ನು ಗೆಲ್ಲಲು ಪರದೇಶದ ಸೇನೆ ಬಳಸುತ್ತಿದ್ದ ನಕಾಶೆ ಹೀಗೆ ತುಂಡು ತುಂಡಾಗಿ, ಆ ನೆಲದ ಜನರ ಕಾಗದ ಪತ್ರಗಳ ಮೇಲೆ ಅಂಟಿಕೊಂಡು ಊರೂರಿಗೆ ಹೋಯಿತು.

ಅಂಚೆಚೀಟಿ ಸಂಗ್ರಹ ಎಂದರೆ ಮಕ್ಕಳ ಹವ್ಯಾಸ ಎಂದು ಭಾವಿಸುವವರೇ ಹೆಚ್ಚು. ಆದರೆ ಗಡಿಗಳು ಮತ್ತೆ ಮತ್ತೆ ಅಳಿಸಿ ಬರೆಯಲ್ಪಟ್ಟ ಬಾಲ್ಟಿಕ್ ತೀರದಲ್ಲಿ, ಇತಿಹಾಸದ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವ ಎಷ್ಟೋ ಸಂಗತಿಗಳಿಗೆ ಹಳೆಯ ಲಕೋಟೆಗಳು ಸಾಕ್ಷಿಯಾಗಿ ಉಳಿದಿವೆ. ಆಳುವವರು ಬದಲಾದಾಗ ಜನಸಾಮಾನ್ಯನಿಗೆ ಏನಾಯಿತು? ಅವನ ಪತ್ರ ತಲುಪಿತೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅಲ್ಲಿಯೇ.

ಚೀಟಿಯೆಂದರೆ ಸರ್ಕಾರದ ಸಹಿ

ಅಂಚೆಚೀಟಿ ಮೂಲತಃ ಒಂದು ರಸೀದಿ. ಪತ್ರ ಸಾಗಿಸಲು ತಗಲುವ ವೆಚ್ಚವನ್ನು ಕಳಿಸುವವನು ಮೊದಲೇ ಕೊಟ್ಟಿದ್ದಾನೆ ಎಂಬುದಕ್ಕೆ ಪುರಾವೆ. ಆದರೆ ಆ ರಸೀದಿಗೆ ಬೆಲೆ ಬರುವುದು ಅದನ್ನು ಕೊಟ್ಟ ಸರ್ಕಾರವನ್ನು ಬೇರೆಯವರು ಒಪ್ಪಿದಾಗ ಮಾತ್ರ. 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಒಂದು ಒಪ್ಪಂದಕ್ಕೆ ಬಂದವು. ಇಂದಿನ ವಿಶ್ವ ಅಂಚೆ ಒಕ್ಕೂಟ ಹುಟ್ಟಿದ್ದು ಹೀಗೆ. ಸದಸ್ಯ ದೇಶಗಳೆಲ್ಲ ಸೇರಿ ಅಂಚೆಯ ಮಟ್ಟಿಗೆ ಒಂದೇ ಪ್ರದೇಶ ಎಂಬುದು ಅದರ ಮೂಲ ತತ್ವ. ಆಗ ಪ್ರತಿ ದೇಶವೂ ತಾನು ಮಾರಿದ ಚೀಟಿಯ ಹಣವನ್ನು ತಾನೇ ಇಟ್ಟುಕೊಳ್ಳುತ್ತಿತ್ತು; ಬೇರೆ ದೇಶದಿಂದ ಬಂದ ಪತ್ರವನ್ನು ಪುಕ್ಕಟೆಯಾಗಿ ಬಟವಾಡೆ ಮಾಡುತ್ತಿತ್ತು. ಹೋದ ಪತ್ರಕ್ಕೆ ಹೇಗೂ ಉತ್ತರ ಬರುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬುದು ಅಂದಿನವರ ಸರಳ ನಂಬಿಕೆ. ಭಾರತ ಈ ಒಕ್ಕೂಟವನ್ನು ಸೇರಿದ್ದು 1876ರಲ್ಲಿ.

ಚೀಟಿಗೂ ಅಧಿಕಾರಕ್ಕೂ ಇರುವ ಈ ನಂಟು ಕನ್ನಡಿಗರಿಗೆ ಅಪರಿಚಿತವೇನಲ್ಲ. 1672ರಲ್ಲಿ ಚಿಕ್ಕದೇವರಾಜ ಒಡೆಯರ್ ಆರಂಭಿಸಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಯಿತು. ಅತ್ತ ಕಲಬುರಗಿ, ರಾಯಚೂರು, ಬೀದರ್ ಸೀಮೆಯಲ್ಲಿ ನಿಜಾಮರ ಚೀಟಿ ನಡೆಯುತ್ತಿತ್ತು. ಅದರ ಬೆಲೆ ಹೈದರಾಬಾದ್ ಸಂಸ್ಥಾನದ ಗಡಿಯೊಳಗೆ ಮಾತ್ರ. ಗಡಿ ದಾಟಿ ಹೋಗಬೇಕಾದ ಪತ್ರಕ್ಕೆ ಬ್ರಿಟಿಷ್ ಭಾರತದ ಚೀಟಿಯೇ ಆಗಬೇಕು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ, 1950ರಲ್ಲಿ ಆ ವ್ಯವಸ್ಥೆಯೂ ಭಾರತದ ಅಂಚೆಯೊಳಗೆ ಕರಗಿತು. ಕಲಬುರಗಿಯ ಜನ ಇಂಥ ಬದಲಾವಣೆಯನ್ನು ಕಂಡದ್ದು ಒಂದು ಸಲ. ಬಾಲ್ಟಿಕ್ ತೀರದವರು ಒಂದೇ ಜೀವಮಾನದಲ್ಲಿ ಹತ್ತಾರು ಸಲ ಕಂಡರು.

ನೋಟಿನ ಬೆನ್ನಿಗೂ ಅಚ್ಚು

ಲಾಟ್ವಿಯಾದ ಕಥೆ ನಕಾಶೆಯ ಚೀಟಿಗೇ ಮುಗಿಯಲಿಲ್ಲ. ಚೀಟಿ ಹೊರಬಂದು ಮೂರು ವಾರ ಕಳೆಯುವುದರೊಳಗೆ, 1919ರ ಜನವರಿ 3ರಂದು, ರೀಗಾ ಬೋಲ್ಷೆವಿಕ್ ಸೇನೆಯ ವಶವಾಯಿತು. ಮೇ 22ರಂದು ಅವರನ್ನು ಹೊರಗಟ್ಟಲಾಯಿತು. ಅಕ್ಟೋಬರಿನಲ್ಲಿ ಬೆರ್ಮಾಂಟ್ ಎಂಬ ಸಾಹಸಿ ಸೇನಾನಿ ಜರ್ಮನ್ ಹಾಗೂ ರಷ್ಯನ್ ಸೈನಿಕರ ದಂಡು ಕಟ್ಟಿಕೊಂಡು ರೀಗಾದ ಮೇಲೆ ಏರಿಬಂದ. ನವೆಂಬರ್ 11ರಂದು ಅವನನ್ನೂ ಹಿಮ್ಮೆಟ್ಟಿಸಲಾಯಿತು.

ಬಂದವರೆಲ್ಲ ತಮ್ಮದೇ ನೋಟು ಅಚ್ಚು ಹಾಕಿಸಲು ಮುಂದಾದವರೇ. ರೀಗಾದ ಬೋಲ್ಷೆವಿಕ್ ಆಡಳಿತದ ನೋಟು, ಬೆರ್ಮಾಂಟ್ ಸೇನೆಯ ನೋಟು ಎರಡೂ ಅರ್ಧ ಮುದ್ರಣಗೊಂಡು ಉಳಿದುಹೋದವು. ಕಾಗದದ ಬರ ಇನ್ನೂ ತೀರಿರಲಿಲ್ಲ. ಅದುವರೆಗೆ ಗೆರೆ ಎಳೆದ ಕಾಗದ, ಸಿಗರೇಟಿನ ತೆಳು ಕಾಗದಗಳ ಮೇಲೆಲ್ಲ ಚೀಟಿ ಮುದ್ರಿಸಿದ್ದ ಲಾಟ್ವಿಯಾ ಈ ಅಪೂರ್ಣ ನೋಟುಗಳನ್ನೂ ಬಿಡಲಿಲ್ಲ. 1920ರಲ್ಲಿ ರೆಡ್ ಕ್ರಾಸ್ ಸಹಾಯಾರ್ಥ ಹೊರತಂದ ಚೀಟಿಗಳನ್ನು ಮಗುಚಿದರೆ ಬೆನ್ನಲ್ಲಿ ಕಾಣುವುದು ಆ ನೋಟುಗಳ ತುಂಡುಗಳೇ. ನಗರವನ್ನು ಹಿಡಿಯಲು ಬಂದವರ ದುಡ್ಡು ಗಾಯಾಳುಗಳ ಶುಶ್ರೂಷೆಗೆ ಒದಗಿತು ಎನ್ನಬಹುದು.

ಈ ಕಾಲದ ಒಬ್ಬ ಕಲಾವಿದನ ಬದುಕೂ ಗಮನಾರ್ಹ. ಲಾಟ್ವಿಯಾ ಮೂಲದ ರಿಹಾರ್ಡ್ಸ್ ಜಾರಿನ್ಷ್ ಸುಮಾರು ಎರಡು ದಶಕ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯಾ ಸಾಮ್ರಾಜ್ಯದ ಸರ್ಕಾರಿ ಮುದ್ರಣಾಲಯದಲ್ಲಿದ್ದವರು. ರೊಮಾನೊವ್ ವಂಶ ಪಟ್ಟಕ್ಕೆ ಬಂದು 300 ವರ್ಷವಾದ ನೆನಪಿಗೆ 1913ರಲ್ಲಿ ಬಂದ ಚೀಟಿಗಳಲ್ಲಿ ಅವರ ಕೈವಾಡವಿತ್ತು. ತ್ಸಾರ್ ಬಿದ್ದ ಮೇಲೆ, ಕತ್ತಿ ಹಿಡಿದ ಕೈ ಸಂಕೋಲೆಯನ್ನು ತುಂಡರಿಸುವ ಚಿತ್ರದ ಚೀಟಿಯನ್ನು ರಚಿಸಿದವರೂ ಅವರೇ. ನಂತರ ತಾಯ್ನಾಡಿಗೆ ಮರಳಿ ಲಾಟ್ವಿಯಾದ ಚೀಟಿಗಳನ್ನೂ ರಾಷ್ಟ್ರ ಲಾಂಛನವನ್ನೂ ರೂಪಿಸಿದರು. ಅರಸೊತ್ತಿಗೆ, ಕ್ರಾಂತಿ, ಗಣರಾಜ್ಯ ಮೂರಕ್ಕೂ ಚೀಟಿ ಬರೆದ ಕೈ ಒಂದೇ. 1939ರಲ್ಲಿ ಅವರು ತೀರಿಕೊಂಡರು. ತಾವು ರೂಪಿಸಿದ ಲಾಂಛನವನ್ನು ಕಿತ್ತುಹಾಕುವ ದಿನಗಳನ್ನು ನೋಡಲು ಅವರು ಉಳಿಯಲಿಲ್ಲ.

ನೂರು ಕಿಲೋಮೀಟರು, ಹದಿನೇಳು ವರ್ಷ

ಲಾಟ್ವಿಯಾದ ದಕ್ಷಿಣಕ್ಕೆ ಲಿಥುವೇನಿಯಾ. ಅದರ ಚಾರಿತ್ರಿಕ ರಾಜಧಾನಿ ವಿಲ್ನಿಯಸ್. ಇಪ್ಪತ್ತನೇ ಶತಮಾನದಲ್ಲಿ ಈ ನಗರದಷ್ಟು ಬಾರಿ ಚೀಟಿ ಬದಲಿಸಿದ ಊರುಗಳು ವಿರಳ.

1915ರವರೆಗೆ ಅಲ್ಲಿ ರಷ್ಯಾ ಸಾಮ್ರಾಜ್ಯದ ಚೀಟಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಜರ್ಮನರು ನಗರ ಹಿಡಿದರು. ಜರ್ಮನಿಯ ಚೀಟಿಗಳ ಮೇಲೇ ತಮ್ಮ ಪೂರ್ವ ಸೇನಾ ವಲಯದ ಹೆಸರನ್ನು ಕಪ್ಪು ಅಕ್ಷರಗಳಲ್ಲಿ ಒತ್ತಿ 1916ರಿಂದ ಬಳಕೆಗೆ ತಂದರು. ಹೀಗೆ ಇದ್ದ ಚೀಟಿಯ ಮೇಲೆ ಹೊಸ ಹೆಸರನ್ನೋ ಬೆಲೆಯನ್ನೋ ಒತ್ತುವುದಕ್ಕೆ ಮೇಲ್ಮುದ್ರಣ ಎನ್ನುತ್ತಾರೆ. ಹೊಸ ಚೀಟಿ ಅಚ್ಚು ಹಾಕಿಸಲು ವೇಳೆಯಿಲ್ಲದ ಆಡಳಿತಗಳಿಗೆ ಇದೇ ಸುಲಭದ ಉಪಾಯ.

1918ರ ಡಿಸೆಂಬರ್ 27ರಂದು ಸ್ವತಂತ್ರ ಲಿಥುವೇನಿಯಾದ ಮೊದಲ ಚೀಟಿಗಳು ವಿಲ್ನಿಯಸ್‌ನಲ್ಲಿ ಹೊರಬಂದವು. ಚಿತ್ರ ಕೆತ್ತಿಸಲು ಪುರುಸೊತ್ತಿರಲಿಲ್ಲ. ಸ್ಥಳೀಯ ಮುದ್ರಣಾಲಯದಲ್ಲಿದ್ದ ಅಚ್ಚುಮೊಳೆಗಳನ್ನೇ ಜೋಡಿಸಿ, ಸುತ್ತ ಅಲಂಕಾರದ ಚೌಕಟ್ಟು ಕೊಟ್ಟು ಮುದ್ರಿಸಲಾಯಿತು. ನೋಡಿದರೆ ಮದುವೆ ಕಾಗದದ ಮೂಲೆಯನ್ನು ಕತ್ತರಿಸಿದಂತಿವೆ. ಹತ್ತೇ ದಿನಗಳಲ್ಲಿ ಬೋಲ್ಷೆವಿಕರು ಬಂದರು. ಸರ್ಕಾರ ಪಶ್ಚಿಮಕ್ಕಿದ್ದ ಕೌನಾಸ್ ನಗರಕ್ಕೆ ಹೊರಟಿತು. 1919ರ ಏಪ್ರಿಲಿನಲ್ಲಿ ವಿಲ್ನಿಯಸ್ ಪೋಲೆಂಡಿನ ಪಾಲಾಯಿತು. 1920ರ ಜುಲೈನಲ್ಲಿ ಮತ್ತೆ ಕೆಂಪು ಸೇನೆ, ಆಗಸ್ಟ್ ಕೊನೆಗೆ ಮತ್ತೆ ಲಿಥುವೇನಿಯಾ.

ಅಂಚೆ ಒಕ್ಕೂಟ ಹುಟ್ಟಿದ ದಿನವಾದ ಅಕ್ಟೋಬರ್ 9ನ್ನು ಇಂದು ವಿಶ್ವ ಅಂಚೆ ದಿನವೆಂದು ಆಚರಿಸುತ್ತೇವೆ. 1920ರ ಅದೇ ಅಕ್ಟೋಬರ್ 9ರಂದು ಪೋಲೆಂಡಿನ ಜನರಲ್ ಝೆಲಿಗೋವ್‌ಸ್ಕಿ ವಿಲ್ನಿಯಸ್ ಪ್ರವೇಶಿಸಿದ್ದು ವಿಧಿಯ ವ್ಯಂಗ್ಯ. ಆತ 'ಮಧ್ಯ ಲಿಥುವೇನಿಯಾ' ಎಂಬ ಹೊಸ ರಾಜ್ಯವನ್ನೇ ಘೋಷಿಸಿದ. ಆ ತಿಂಗಳು ಮುಗಿಯುವ ಮೊದಲೇ ಅದರ ಹೆಸರಿನ ಅಂಚೆಚೀಟಿ ಬಂತು. ಲಿಥುವೇನಿಯಾದ ಚೀಟಿಗಳ ಮೇಲೂ ಪೋಲಿಷ್ ಭಾಷೆಯಲ್ಲಿ ಹೊಸ ಹೆಸರು ಒತ್ತಲಾಯಿತು. ದೇಶವೆಂದು ಜಗತ್ತು ಒಪ್ಪದಿದ್ದರೂ ಚೀಟಿ ಮಾತ್ರ ಇತ್ತು. 1922ರಲ್ಲಿ ಆ ರಾಜ್ಯ ಪೋಲೆಂಡಿನಲ್ಲಿ ಸೇರಿಹೋಯಿತು.

ಇಲ್ಲಿಂದ ಮುಂದಿನದು ಚೀಟಿಗಳ ಕಥೆಯಲ್ಲ, ಪತ್ರಗಳ ಕಥೆ. ಲಿಥುವೇನಿಯಾ ಈ ನಷ್ಟವನ್ನು ಒಪ್ಪಲಿಲ್ಲ. ವಿಲ್ನಿಯಸ್ ತನ್ನ ರಾಜಧಾನಿ, ಕೌನಾಸ್ ಕೇವಲ ತಾತ್ಕಾಲಿಕ ರಾಜಧಾನಿ ಎಂದೇ ಸಾರಿತು. ಪೋಲೆಂಡಿನೊಂದಿಗೆ ರಾಯಭಾರ ಸಂಬಂಧವಿಲ್ಲ, ರೈಲಿಲ್ಲ, ದೂರವಾಣಿಯಿಲ್ಲ, ಅಂಚೆಯೂ ಇಲ್ಲ. ವಿಲ್ನಿಯಸ್‌ಗೂ ಕೌನಾಸ್‌ಗೂ ನಡುವಣ ಅಂತರ ಸುಮಾರು 100 ಕಿಲೋಮೀಟರು. ಬೆಂಗಳೂರು ಮೈಸೂರಿನ ನಡುವಣ ದೂರಕ್ಕಿಂತ ಕಡಿಮೆ. ಅಣ್ಣ ವಿಲ್ನಿಯಸ್‌ನಲ್ಲಿ, ತಂಗಿ ಕೌನಾಸ್‌ನಲ್ಲಿ ಇದ್ದರೆ ಅವರ ಕಾಗದ ನೇರವಾಗಿ ಹೋಗುವಂತಿಲ್ಲ. ಲಾಟ್ವಿಯಾವನ್ನೋ ಜರ್ಮನಿಯನ್ನೋ ಬಳಸಿಕೊಂಡು, ಮೂರನೇ ದೇಶದ ಕೈದಾಟಿ ಬರಬೇಕು. ಎರಡೂ ದೇಶಗಳು ಜಗತ್ತೆಲ್ಲ ಒಂದೇ ಅಂಚೆ ಪ್ರದೇಶ ಎನ್ನುವ ಒಕ್ಕೂಟದ ಸದಸ್ಯರೇ! ಗಡಿರೇಖೆ ಎಷ್ಟೋ ಹಳ್ಳಿಗಳ ನಡುವೆ ಹಾದುಹೋಗಿತ್ತು. ಹೊಲ ಈ ಕಡೆ, ನೆಂಟರು ಆ ಕಡೆ.

ಈ ಸ್ಥಿತಿ ಒಂದೆರಡು ವರ್ಷ ಇದ್ದಿದ್ದರೆ ಯುದ್ಧಕಾಲದ ತೊಂದರೆ ಎನ್ನಬಹುದಿತ್ತು. ಅದು ಮುಂದುವರಿದದ್ದು 1938ರ ಮಾರ್ಚ್‌ವರೆಗೆ, ಅಂದರೆ ಹದಿನೇಳು ವರ್ಷಕ್ಕೂ ಮಿಕ್ಕಿ. ಬಗೆಹರಿದದ್ದೂ ಸ್ನೇಹದಿಂದಲ್ಲ. ಸಂಬಂಧ ಬೆಳೆಸದಿದ್ದರೆ ಪರಿಣಾಮ ನೆಟ್ಟಗಾಗದು ಎಂದು ಪೋಲೆಂಡ್ ಅಂತಿಮ ಎಚ್ಚರಿಕೆ ಕೊಟ್ಟಿತು. ಲಿಥುವೇನಿಯಾ ಮಾರ್ಚ್ 19ರಂದು ಮಣಿಯಿತು. ಬೆದರಿಕೆಯ ಫಲವಾಗಿಯಾದರೂ ಅಂಚೆ ಚೀಲಗಳು ಗಡಿ ದಾಟಿದವು. ರಾಜಕೀಯದ ಲೆಕ್ಕದಲ್ಲಿ ಅದು ಲಿಥುವೇನಿಯಾಕ್ಕೆ ಅವಮಾನ. ಉತ್ತರಕ್ಕಾಗಿ ಕಾದಿದ್ದ ಮನೆಗಳ ಲೆಕ್ಕ ಬೇರೆಯೇ ಇದ್ದಿರಬೇಕು.

ಅಂಚೆ ಪೆಟ್ಟಿಗೆಗೆ ಬಳಿದ ಬಣ್ಣ

ಅಂಚೆ ಒಂದು ಸೇವೆ ಮಾತ್ರವಾಗಿರದೆ ಅಧಿಕಾರದ ಬಾವುಟವೂ ಆದಾಗ ಏನಾಗುತ್ತದೆ? ಇದಕ್ಕೆ ಕಠೋರ ನಿದರ್ಶನ ಅದೇ ಬಾಲ್ಟಿಕ್ ತೀರದಲ್ಲಿ, ಇನ್ನೂ ಪಶ್ಚಿಮಕ್ಕಿರುವ ಬಂದರು ನಗರದಲ್ಲಿದೆ. ಜರ್ಮನರು ಡಾನ್‌ಜಿಗ್ ಎಂದೂ ಪೋಲಿಷರು ಗ್ದಾನ್ಸ್ಕ್ ಎಂದೂ ಕರೆದ ಈ ನಗರವನ್ನು ಮೊದಲ ಮಹಾಯುದ್ಧದ ನಂತರ, 1920ರಲ್ಲಿ, ಯಾರಿಗೂ ಸೇರದ ಸ್ವತಂತ್ರ ನಗರವನ್ನಾಗಿ ಮಾಡಲಾಯಿತು. ಜನರಲ್ಲಿ ಬಹುಪಾಲು ಜರ್ಮನರು. ಆದರೆ ಅಲ್ಲಿ ತನ್ನದೇ ಅಂಚೆ ನಡೆಸುವ ಹಕ್ಕು ಪೋಲೆಂಡಿಗೆ ಇತ್ತು. ಹೀಗಾಗಿ ಒಂದೇ ಊರಿನಲ್ಲಿ ಎರಡು ಅಂಚೆ.

1925ರ ಜನವರಿಯ ಒಂದು ರಾತ್ರಿ ಪೋಲಿಷ್ ಅಂಚೆಯವರು ನಗರದ ಬೀದಿಗಳಲ್ಲಿ ತಮ್ಮ ಅಂಚೆ ಪೆಟ್ಟಿಗೆಗಳನ್ನು ತೂಗುಹಾಕಿದರು. ಅವುಗಳಿಗೆ ಯಾರೋ ಹಳೆಯ ಜರ್ಮನ್ ಸಾಮ್ರಾಜ್ಯದ ಧ್ವಜದ ಕಪ್ಪು, ಬಿಳಿ, ಕೆಂಪು ಬಣ್ಣ ಬಳಿದರು. ಪೆಟ್ಟಿಗೆಯ ಜಗಳ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. ಬಂದರು ಪ್ರದೇಶದೊಳಗೆ ಪೆಟ್ಟಿಗೆ ಇಡುವ ಹಕ್ಕು ಪೋಲೆಂಡಿಗೆ ಉಂಟು ಎಂದು ಆ ವರ್ಷದ ಮೇ 16ರಂದು ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು.

ಹದಿನಾಲ್ಕು ವರ್ಷಗಳ ನಂತರ ಆ ಜಗಳ ಬಣ್ಣದಿಂದ ಗುಂಡಿಗೆ ತಿರುಗಿತು. ಎರಡನೇ ಮಹಾಯುದ್ಧದ ಮೊದಲ ಮುಂಜಾನೆ, 1939ರ ಸೆಪ್ಟೆಂಬರ್ 1ರಂದು, ನಾಜಿ ಪಡೆಗಳು ಪೋಲಿಷ್ ಅಂಚೆ ಕಚೇರಿಯನ್ನು ಸುತ್ತುವರಿದವು. ಒಳಗಿದ್ದ ಐವತ್ತಕ್ಕೂ ಹೆಚ್ಚು ಮಂದಿಯಲ್ಲಿ ಬಹುತೇಕರು ಅಂಚೆ ನೌಕರರು. ಸಂಜೆಯವರೆಗೂ ಅವರು ಕಾದಾಡಿದರು. ಕೊನೆಗೆ ಕಟ್ಟಡದೊಳಗೆ ಪೆಟ್ರೋಲ್ ಹಾಯಿಸಿ ಬೆಂಕಿ ಹಚ್ಚಲಾಯಿತು. ಶರಣಾದವರಲ್ಲಿ 38 ಮಂದಿಯನ್ನು ಅಕ್ಟೋಬರ್ 5ರಂದು ಗುಂಡಿಟ್ಟು ಕೊಲ್ಲಲಾಯಿತು. ಸೈನಿಕರಲ್ಲದವರು ಬಂದೂಕು ಹಿಡಿದರು ಎಂಬುದು ಆರೋಪ. ಅವರನ್ನು ಹೂಳಿದ ಜಾಗ ಬೆಳಕಿಗೆ ಬಂದದ್ದು 1991ರಲ್ಲಿ. ಜರ್ಮನಿಯ ನ್ಯಾಯಾಲಯವೊಂದು ಆ ಮರಣದಂಡನೆಯನ್ನು ರದ್ದುಗೊಳಿಸಿದ್ದು ಇನ್ನೂ ಹಲವು ವರ್ಷಗಳ ಮೇಲೆ.

ಒಂದೇ ವರ್ಷದಲ್ಲಿ ಮೂರು ಹೆಸರು

ಪೋಲೆಂಡ್ ಕುಸಿದಾಗ ವಿಲ್ನಿಯಸ್ ಸೋವಿಯತ್ ಸೇನೆಯ ವಶವಾಯಿತು. 1939ರ ಅಕ್ಟೋಬರ್ 10ರ ಒಪ್ಪಂದದಂತೆ ಮಾಸ್ಕೋ ಅದನ್ನು ಲಿಥುವೇನಿಯಾಕ್ಕೆ ಕೊಟ್ಟಿತು. ಬದಲಿಗೆ ಸೋವಿಯತ್ ಸೈನಿಕರು ಲಿಥುವೇನಿಯಾದ ನೆಲದಲ್ಲಿ ಬೀಡುಬಿಡಬೇಕು ಎಂಬ ಷರತ್ತು. ಕಳೆದುಹೋದ ರಾಜಧಾನಿ ಮರಳಿದ ಸಂತೋಷಕ್ಕೆ 1940ರ ಮೇ ತಿಂಗಳಲ್ಲಿ ಸ್ಮಾರಕ ಚೀಟಿಗಳು ಹೊರಬಂದವು. ವಿಲ್ನಿಯಸ್ ನಗರದ ನೋಟ, ನಗರ ಕಟ್ಟಿದನೆಂದು ಹೇಳಲಾಗುವ ದೊರೆ ಗೆದಿಮಿನಾಸ್, ತ್ರಾಕಾಯ್ ಕೋಟೆಯ ಅವಶೇಷ ಅವುಗಳ ಚಿತ್ರಗಳು. ಆರು ವಾರ ಕಳೆಯುವುದರೊಳಗೆ, ಜೂನ್ 15ರಂದು, ಸೋವಿಯತ್ ಟ್ಯಾಂಕುಗಳು ದೇಶದೊಳಕ್ಕೆ ನುಗ್ಗಿದವು. ಜೂನ್ 17ರಂದು ಲಾಟ್ವಿಯಾ ಮತ್ತು ಎಸ್ಟೋನಿಯಾಗಳ ಸರದಿ. ಸಂಭ್ರಮದ ಚೀಟಿಯ ಅಂಟು ಒಣಗುವ ಮೊದಲೇ ದೇಶವೇ ಇಲ್ಲವಾಗಿತ್ತು.

ಆಮೇಲಿನ ಹದಿನಾರು ತಿಂಗಳ ಚೀಟಿಗಳನ್ನು ಸಾಲಾಗಿ ಇಟ್ಟರೆ ಸಾಕು, ಬೇರೆ ವ್ಯಾಖ್ಯಾನ ಬೇಡ. ಮೊದಲು ಲಿಥುವೇನಿಯಾದ ಚೀಟಿಗಳ ಮೇಲೆ ಸೋವಿಯತ್ ಗಣರಾಜ್ಯದ ಮೊದಲಕ್ಷರಗಳು ಮತ್ತು '1940 ಜುಲೈ 21' ಎಂಬ ದಿನಾಂಕ. ನಂತರ ಮಾಸ್ಕೋದ ಚೀಟಿಗಳು. 1941ರ ಜೂನ್ 22ರಂದು ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿದ. ಮರುದಿನವೇ ಲಿಥುವೇನಿಯಾದಲ್ಲಿ ಬಂಡಾಯವೆದ್ದವರು ಸ್ವಾತಂತ್ರ್ಯ ಸಾರಿದರು. ಆಗ ಸೋವಿಯತ್ ಚೀಟಿಗಳ ಮೇಲೆ 'ಸ್ವತಂತ್ರ ಲಿಥುವೇನಿಯಾ' ಎಂಬ ಮೇಲ್ಮುದ್ರಣ ಬಿತ್ತು. ವಿಲ್ನಿಯಸ್‌ನಲ್ಲಿ ಊರಿನ ಹೆಸರನ್ನಷ್ಟೇ ಒತ್ತಿದರು. ರೀಗಾ ಜರ್ಮನರ ವಶವಾದ ಜುಲೈ 1ರ ದಿನಾಂಕದೊಂದಿಗೆ 'ಲಾಟ್ವಿಯಾ' ಎಂದು ಒತ್ತಿದ ಸೋವಿಯತ್ ಚೀಟಿಗಳೂ ಬಂದವು. ಒಬ್ಬ ಆಕ್ರಮಣಕಾರ ಹೋದನೆಂಬ ನಿಟ್ಟುಸಿರು ಆ ಅಕ್ಷರಗಳಲ್ಲಿದೆ. ಇನ್ನೊಬ್ಬ ಒಳಬಂದಾಗಿದೆ ಎಂಬ ಅರಿವು ಅವುಗಳಲ್ಲಿ ಇಲ್ಲ. ನವೆಂಬರ್ 4ರ ಹೊತ್ತಿಗೆ ಹಿಟ್ಲರನ ತಲೆಯಿರುವ ಜರ್ಮನ್ ಚೀಟಿ ಬಂತು. ಮೇಲೆ 'ಓಸ್ಟ್‌ಲಾಂಡ್', ಅಂದರೆ ಪೂರ್ವದ ನಾಡು ಎಂಬ ಒಂದೇ ಪದ. ಮೂರು ದೇಶಗಳ ಹೆಸರೂ ಅಳಿಸಿಹೋದವು.

ಇಂಥ ಕಾಲದ ಲಕೋಟೆಗಳಲ್ಲಿ ಚೀಟಿಗಿಂತ ಅದರ ಮೇಲೆ ಬಿದ್ದ ಅಂಚೆ ಮುದ್ರೆಯೇ ಹೆಚ್ಚು ಮಾತಾಡುತ್ತದೆ. ಮುದ್ರೆಯಲ್ಲಿ ಊರಿನ ಹೆಸರು, ತಾರೀಕು ಇರುತ್ತವೆ. ರಷ್ಯನ್ನರ 'ವಿಲ್ನಾ', ಪೋಲಿಷರ 'ವಿಲ್ನೊ', ಲಿಥುವೇನಿಯನ್ನರ 'ವಿಲ್ನಿಯಸ್' ಎಲ್ಲ ಒಂದೇ ಊರು. ಆಡಳಿತ ಬದಲಾದ ಮೇಲೂ ಅಂಚೆ ಗುಮಾಸ್ತನ ಕೈಯಲ್ಲಿ ಕೆಲವು ದಿನ ಹಳೆಯ ಮೊಹರೇ ಇರುತ್ತಿತ್ತು. ಹೊಸ ಚೀಟಿಯ ಮೇಲೆ ಹಳೆಯ ಮುದ್ರೆ, ಹಳೆಯ ಚೀಟಿಯ ಮೇಲೆ ಹೊಸ ಮುದ್ರೆ ಕಂಡರೆ ಸಂಗ್ರಾಹಕರ ಕಣ್ಣು ಅರಳುವುದು ಇದಕ್ಕೇ. ಆದರೆ ಮೇಲ್ಮುದ್ರಣ ಎಂದರೆ ನಾಲ್ಕು ಅಕ್ಷರ ಒತ್ತುವುದು ಅಷ್ಟೆ. ನಕಲು ಮಾಡುವುದು ಬಲು ಸುಲಭ. ಮಧ್ಯ ಲಿಥುವೇನಿಯಾದ ಮೇಲ್ಮುದ್ರಿತ ಚೀಟಿಗಳಲ್ಲಂತೂ ನಕಲಿಗಳ ಹಾವಳಿ ವಿಪರೀತ. ಚೀಟಿಗಿಂತ ಪೂರ್ತಿ ಲಕೋಟೆಗೆ, ಅದು ಸಾಗಿದ ದಾರಿಯ ಮುದ್ರೆಗಳಿಗೆ ಬಲ್ಲವರು ಬೆಲೆ ಕೊಡುವುದು ಈ ಕಾರಣಕ್ಕಾಗಿ.

ವಿಳಾಸದಾರರಿಲ್ಲದ ಊರು

ಚೀಟಿಗಳ ಆಲ್ಬಂ ಹೇಳದ ಸಂಗತಿಯೂ ಒಂದಿದೆ. ವಿಲ್ನಿಯಸ್ ಯಹೂದಿಗಳ ದೊಡ್ಡ ವಿದ್ಯಾಕೇಂದ್ರ. 'ಲಿಥುವೇನಿಯಾದ ಜೆರುಸಲೇಂ' ಎಂದೇ ಹೆಸರಾಗಿತ್ತು. 1941ರ ಬೇಸಿಗೆಯಿಂದ ನಗರದ ಹೊರಗಿನ ಪೊನಾರಿ ಕಾಡಿನಲ್ಲಿ ಹತ್ತಾರು ಸಾವಿರ ಯಹೂದಿಗಳನ್ನು ನಾಜಿಗಳೂ ಅವರ ಸ್ಥಳೀಯ ಸಹಾಯಕರೂ ಕೊಂದರು. ಬೀದಿಗಳಿದ್ದವು, ಮನೆ ನಂಬರುಗಳಿದ್ದವು, ಅಂಚೆಯೂ ನಡೆಯುತ್ತಿತ್ತು. ವಿಳಾಸದಾರರು ಮಾತ್ರ ಇರಲಿಲ್ಲ.

1944ರಲ್ಲಿ ಕೆಂಪು ಸೇನೆ ಮರಳಿತು, ಜೊತೆಗೆ ಮಾಸ್ಕೋದ ಚೀಟಿಯೂ. ಅಮೆರಿಕ ಈ ಸೇರ್ಪಡೆಯನ್ನು 1940ರಲ್ಲೇ ತಿರಸ್ಕರಿಸಿತ್ತು, ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಕಾಗದ ಬರೆಯುವವರಿಗೆ ಆಯ್ಕೆಯಿರಲಿಲ್ಲ. ದೇಶದ ಹೆಸರೇ ಇಲ್ಲದ ಚೀಟಿಯನ್ನು ಅಂಟಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು.

ಪತ್ರದ ಅಗತ್ಯ ಅತಿ ಹೆಚ್ಚಾಗಿದ್ದದ್ದೂ ಆಗಲೇ. 1941ರ ಜೂನ್ 14ರಂದು ಲಾಟ್ವಿಯಾ ಒಂದರಿಂದಲೇ ಸುಮಾರು 15,000 ಮಂದಿಯನ್ನು, 1949ರ ಮಾರ್ಚ್‌ನಲ್ಲಿ 42,000ಕ್ಕೂ ಹೆಚ್ಚು ಮಂದಿಯನ್ನು ರೈಲಿನ ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾ ಮತ್ತಿತರ ದೂರದ ಪ್ರದೇಶಗಳಿಗೆ ಸಾಗಿಸಲಾಯಿತು. ಅಲ್ಲಿಯೂ ಕಾಗದವಿರಲಿಲ್ಲ. ಅವರಲ್ಲಿ ಕೆಲವರು ಭೂರ್ಜ ಮರದ ತೊಗಟೆಯನ್ನು ಸುಲಿದು ಅದರ ಮೇಲೆ ಪತ್ರ ಬರೆದರು. ನಮ್ಮ ಪೂರ್ವಿಕರು ಗ್ರಂಥ ಬರೆದಿಡುತ್ತಿದ್ದ ಭೂರ್ಜಪತ್ರವೆಂದರೆ ಇಂಥದೇ ತೊಗಟೆ. ಕಾಶ್ಮೀರದಲ್ಲಿ ಶಾಸ್ತ್ರಕ್ಕೆ ಒದಗಿದ್ದು ಸೈಬೀರಿಯಾದಲ್ಲಿ ಕ್ಷೇಮ ಸಮಾಚಾರಕ್ಕೆ ಒದಗಿತು. ಹಾಗೆ ಬರೆದ ಕೆಲವು ಪತ್ರಗಳು ಲಾಟ್ವಿಯಾದ ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಇವೆ. ಯುನೆಸ್ಕೋದ 'ವಿಶ್ವ ಸ್ಮೃತಿ' ಯೋಜನೆಯ ಆ ದೇಶದ ರಾಷ್ಟ್ರೀಯ ಪಟ್ಟಿಯಲ್ಲೂ ಅವು ಸೇರಿವೆ.

1918ರಲ್ಲಿ ಕಾಗದವಿಲ್ಲದಾಗ ಸರ್ಕಾರ ನಕಾಶೆಯ ಬೆನ್ನು ಹುಡುಕಿತು. ಸರ್ಕಾರವೇ ಇಲ್ಲವಾದಾಗ ಜನ ಮರದ ತೊಗಟೆ ಹುಡುಕಿದರು. ಎರಡರ ಹಿಂದೆಯೂ ಇದ್ದದ್ದು ಸುದ್ದಿ ಮುಟ್ಟಬೇಕೆಂಬ ಹಂಬಲ.

ಮತ್ತೆ ಕೊಪೆಕ್ ಚೀಟಿ

ಲಿಥುವೇನಿಯಾ 1990ರ ಮಾರ್ಚ್ 11ರಂದು ಸ್ವಾತಂತ್ರ್ಯವನ್ನು ಮರಳಿ ಘೋಷಿಸಿತು. ಮಾಸ್ಕೋ ಇನ್ನೂ ಒಪ್ಪಿರಲಿಲ್ಲ. ಆದರೂ ಅದೇ ಅಕ್ಟೋಬರಿನಲ್ಲಿ ಹೊಸ ಚೀಟಿಗಳು ಬಂದೇಬಿಟ್ಟವು. ಅಂಚಿಗೆ ರಂಧ್ರಸಾಲೂ ಇಲ್ಲದ, ಕತ್ತರಿಯಿಂದ ಕತ್ತರಿಸಿ ಅಂಟಿಸಬೇಕಾದ ಸರಳ ಚೀಟಿಗಳವು. ಲಾಟ್ವಿಯಾದ ಪೂರ್ಣ ಸ್ವಾತಂತ್ರ್ಯ 1991ರ ಆಗಸ್ಟ್ 21ರಂದು ಜಾರಿಗೆ ಬಂತು. ಅಕ್ಟೋಬರಿನಲ್ಲಿ ರಾಷ್ಟ್ರ ಲಾಂಛನವಿರುವ ಚೀಟಿಗಳು ಹೊರಬಂದವು. ಅದರಲ್ಲಿದ್ದದ್ದು ದಶಕಗಳ ಹಿಂದೆ ಜಾರಿನ್ಷ್ ರೂಪಿಸಿದ್ದ ಅದೇ ಲಾಂಛನ.

ಆದರೆ ದೇಶಕ್ಕೆಲ್ಲ ಸಾಲುವಷ್ಟು ಹೊಸ ಚೀಟಿ ತಕ್ಷಣ ಎಲ್ಲಿಂದ ಬರಬೇಕು? ಅಂಚೆ ಕಚೇರಿಗಳಲ್ಲಿ ಸೋವಿಯತ್ ಚೀಟಿಗಳು ಕಟ್ಟುಕಟ್ಟಾಗಿ ಉಳಿದಿದ್ದವು. ಡಿಸೆಂಬರಿನಲ್ಲಿ ಅವುಗಳ ಮೇಲೆಯೇ 'ಲಾಟ್ವಿಯಾ' ಎಂದು ಒತ್ತಿ ಮಾರಲಾಯಿತು. 73 ವರ್ಷಗಳ ಹಿಂದೆ, ಅದೇ ಡಿಸೆಂಬರ್ ತಿಂಗಳಲ್ಲಿ, ಹೊರಟು ನಿಂತ ಸೇನೆಯ ನಕಾಶೆಯ ಮೇಲೆ ತನ್ನ ಸೂರ್ಯನನ್ನು ಅಚ್ಚು ಹಾಕಿದ್ದ ದೇಶ, ಈಗ ಹೊರಟು ನಿಂತ ಸಾಮ್ರಾಜ್ಯದ ಚೀಟಿಯ ಮೇಲೆ ತನ್ನ ಹೆಸರು ಬರೆಯಿತು. ಬೆಲೆ ಈ ಬಾರಿಯೂ ಕೊಪೆಕ್ ಲೆಕ್ಕದಲ್ಲೇ ಇತ್ತು. ಅಂಚೆಯವನು ಚೀಲ ಹೆಗಲಿಗೇರಿಸಿ ಎಂದಿನಂತೆ ಹೊರಟ.